ಜೇಬಿನಲ್ಲಿದ್ದ ಗೂಟಗಳು

"ಬಾಗ್ಲನ್ನ ಒಳಗಡೆಯಿಂದ ಅವನೇ ಎಳ್ಕೊಂಡಿದ್ನಂತೆ ಕಣ್ರೋ! ಇಂಜಿನ್ ಓಡ್ತಾನೇ ಇತ್ತಂತೆ, ಒಳಗೆಲ್ಲ ಹೊಗೆಯಂತೆ! ಇದಕ್ಕೇನಂತೀರ?"

ಹೋಬರ್ಟ್ ತಾನು ಪಿಸುಗುಟ್ಟುತ್ತಿದ್ದೇನೆ ಎಂದೇ ತಿಳಿದಿದ್ದ. ಆದರೆ ಅವನ ಎಡಗಿವಿ ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಅವನ ಪಿಸುಮಾತೆಂದರೆ ಊರಿಗೆಲ್ಲ ಡಂಗುರ. ಶವಪೆಟ್ಟಿಗೆಯ ಎಡಬದಿಯ ಹಿಡಿ ಅವನ ಕೈಯಲ್ಲಿತ್ತು. ಬಲಬದಿಯ ಹಿಡಿ ಸತ್ತವನ ಮಗ ರಾಯ್ಸ್‌ನ ಕೈಯಲ್ಲಿತ್ತು. ಇಬ್ಬರ ನಡುವೆ ಒಂದು ಹಲಗೆಯ ಆಚೆ ಲೀಲಂಡ್ ಸ್ಟೋವಾಲ್ ಮಲಗಿದ್ದ. ಅವನೂ ಕೇಳಿಸಿಕೊಂಡಿರಬೇಕು.

"ಬಾಯಿ ಮುಚ್ಚೋ ಹೋಬರ್ಟ್," ಹಿಂದಿನ ಹಿಡಿಯಿಂದ ಚೂಯ್ ಗದರಿದ. "ಹೆಣ ಹೊತ್ತಿದೀವಿ. ಬಾರ್ಬರ್ ಶಾಪಲ್ಲಿ ಕೂತಿಲ್ಲ."

"ನಾನೇನ್ ಸುಳ್ ಹೇಳಿದ್ನಾ? ನಮ್ಮನೆ ಎದುರಿಗೇ ಅಲ್ವಾ ಅವನ ಗ್ಯಾರೇಜು! ನಾನು ಈ ಬೀದಿಗೆ ಬಂದಾಗಿಂದ ಆ ಬಾಗ್ಲು ಮುಚ್ಚಿದ್ದೇ ನೋಡಿಲ್ಲ. ಎಂಥ ಚಳೀಲೂ ಹಾ ಅಂತ ತೆರ್ಕೊಂಡೇ ಇರೋದು. ಆವತ್ತೊಂದಿನ ಯಾಕೆ ಮುಚ್ಚಿದ, ಹೇಳು ನೋಡಾಣ?"

ಮೆಟ್ಟಿಲು ತೇವವಾಗಿತ್ತು, ಎಲ್ಲರೂ ತಂತಮ್ಮ ಬೂಟು ನೋಡಿಕೊಂಡು ಇಳಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚರ್ಚಿನ ಮುಂದೆ ನಿಂತಿದ್ದ ಶವದ ಗಾಡಿ ಬರೀ ಎರಡು ಕೆಂಪು ದೀಪಗಳಾಗಿ ಉಳಿದಿತ್ತು. ಈ ಕಣಿವೆಯಲ್ಲಿ ಡಿಸೆಂಬರ್ ಎಂದರೆ ಹೀಗೇ. ಬಾದಾಮಿ ತೋಟಗಳ ನೆಲದಿಂದ ಮಂಜು ಎದ್ದು ಬಂದು ಊರನ್ನು ನುಂಗಿ, ವಾರಗಟ್ಟಲೆ ಉಗುಳುವುದಿಲ್ಲ.

ರಾಯ್ಸ್‌ನೊಳಗೂ ಅದೇ ಪ್ರಶ್ನೆ ಕೂತಿತ್ತು. ಹೋಬರ್ಟ್‌ಗೆ ಗೊತ್ತಿಲ್ಲದ ಇನ್ನೊಂದು ವಿಷಯ ಬೇರೆ ಅವನಿಗೆ ಗೊತ್ತಿತ್ತು: ಅಪ್ಪ ಸಾಯುವ ಹಿಂದಿನ ದಿನ ಅವನಿಗೆ ಫೋನ್ ಮಾಡಿದ್ದ. ಎಂಟು ವರ್ಷದಲ್ಲಿ ಅದೇ ಮೊದಲ ಫೋನು. ರಾಯ್ಸ್ ಅದನ್ನು ಪಟಾರನೆ ಇಟ್ಟುಬಿಟ್ಟಿದ್ದ.

* * *

ರಾಯ್ಸ್‌ಗೆ ಹದಿನೇಳು ತುಂಬಿದ ಬೇಸಿಗೆಯಲ್ಲಿ ಅಪ್ಪ ಎಪ್ಪತ್ತೆಂಟರ ಹೊಸ ಪಿಕಪ್ ತಂದಿದ್ದ. ಹಸಿರು ಬಣ್ಣ. ಇನ್ನೂ ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮೊದಲು ಬಾನೆಟ್ ಎತ್ತಿದ.

"ಇದೇನೋ ಇದು! ಇಂಜಿನ್ನಾ, ಹಾವಿನ ಗೂಡಾ?"

ನಿಜಕ್ಕೂ ಹಾಗೇ ಇತ್ತು. ಕಿರುಬೆರಳ ದಪ್ಪದ ಕರಿ ರಬ್ಬರ್ ಪೈಪುಗಳು ಒಂದರ ಮೇಲೊಂದು ಹರಿದು, ಎಲ್ಲಿಂದಲೋ ಹೊರಟು ಎಲ್ಲೋ ನುಗ್ಗುತ್ತಿದ್ದವು. ಹೊಗೆ ಕಡಿಮೆ ಮಾಡಲು ಸರ್ಕಾರ ಹಾಕಿಸಿದ ಡಬ್ಬಗಳು, ವಾಲ್ವುಗಳು, ಗಾಳಿ ಪಂಪು. ಅವಕ್ಕೆಲ್ಲ ಇಂಜಿನ್ ಎಳೆಯುವ ಉಸಿರೇ ಜೀವ, ಆ ಉಸಿರು ಓಡಾಡುವ ನರಗಳೇ ಈ ಪೈಪುಗಳು.

"ಕತ್ತು ಹಿಸುಕಿದಾರೆ ಕಣೋ ಪಾಪದ್ದಕ್ಕೆ," ಅಪ್ಪ ಒಂದು ವಾಲ್ವನ್ನು ಬೆರಳಿಂದ ತಟ್ಟಿದ. "ಇದು ನೋಡು. ಇಂಜಿನ್ ಬಿಟ್ಟ ಹೊಗೇನ ವಾಪಸ್ ಅದಕ್ಕೇ ಕುಡಿಸೋದು. ಬಿಟ್ಟ ಉಸಿರನ್ನೇ ಮತ್ತೆ ಕುಡಿ ಅಂದ್ರೆ ನಿನಗೆ ಹೆಂಗಿರತ್ತೆ?"

"ಸತ್ತೇ ಹೋಗ್ತೀನಿ."

"ಹಾಂ. ಚಾಕು ತಗಂಬಾ."

ಇಬ್ಬರೂ ಸಂಜೆವರೆಗೆ ಕಿತ್ತರು. ಪಂಪಿನ ಬೆಲ್ಟು ಕತ್ತರಿಸಿದರು. ಗಾಡಿಯ ಕೆಳಗೆ ನುಗ್ಗಿ, ಹೊಗೆಯನ್ನು ಸುಟ್ಟು ತಿಳಿ ಮಾಡುವ ಉಕ್ಕಿನ ಡಬ್ಬವನ್ನು ಗರಗಸದಿಂದ ಕೊಯ್ದು ತೆಗೆದು ನೇರ ಪೈಪು ಕೂರಿಸಿದರು. ಆದರೆ ರಬ್ಬರ್ ಪೈಪು ಕಿತ್ತರೆ ಇಂಜಿನ್ನಿಗೆ ತೂತು ಉಳಿಯುತ್ತದೆ. ಆ ತೂತಿನಿಂದ ಅದು ಬೇಡದ ಗಾಳಿ ಎಳೆದುಕೊಂಡು ಕೆಮ್ಮುತ್ತದೆ, ನಿಂತಲ್ಲೇ ಅದುರುತ್ತದೆ. ಅದಕ್ಕೇ ಪೈಪನ್ನು ಬೆರಳುದ್ದ ಉಳಿಸಿ ಕೊಯ್ದು ಅದರ ಬಾಯಿಗೆ ಗೂಟ ಜಡಿಯಬೇಕು. ಬೇರೆ ಮೆಕ್ಯಾನಿಕ್‌ಗಳು ಸ್ಕ್ರೂ ತಿರುಗಿಸುತ್ತಿದ್ದರು. ಲೀಲಂಡ್ ಗಾಲ್ಫ್ ಗೂಟ ಹೊಡೆಯುತ್ತಿದ್ದ. ಸಾಹುಕಾರರು ಚೆಂಡು ಕೂರಿಸಲು ಹುಲ್ಲಿಗೆ ಚುಚ್ಚುತ್ತಾರಲ್ಲ, ಆ ಮರದ ಗೂಟ. ಅವನ ಹೆಂಡತಿ ಓಪಲ್ ಗುಡ್ಡದ ಮೇಲಿನ ಕ್ಲಬ್ಬಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಬರುವಾಗ ಹುಲ್ಲಲ್ಲಿ ಬಿದ್ದಿದ್ದನ್ನು ಆರಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು ಬರುತ್ತಿದ್ದಳು.

ದರ್ಜಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ ಅಪ್ಪ ಗೂಟಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದ. "ಎಂಜಲಾದ್ರೆ ಸಲೀಸಾಗಿ ಹೋಗತ್ತೆ, ಒಣಗಿದ್ಮೇಲೆ ಉಬ್ಬಿ ಕಚ್ಕೊಳ್ಳತ್ತೆ. ಸರ್ಕಾರದೋರಿಗೆ ಗೊತ್ತಾ ಇದು?" ಗೂಟ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನ ಮಾತು ತೊದಲು ಮಗುವಿನ ಹಾಗೆ ಕೇಳುತ್ತಿತ್ತು.

ಬಾನೆಟ್ಟಿನ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಯಾವ ಪೈಪು ಎಲ್ಲಿಗೆ ಹೋಗಬೇಕು ಎಂಬ ನಕ್ಷೆ. ಹುಮ್ಮಸ್ಸಿನಲ್ಲಿ ರಾಯ್ಸ್ ಅದನ್ನೂ ಕೆರೆದು ಕಿತ್ತು ಉಂಡೆ ಮಾಡಿ ಎಸೆದ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮುಗೀತು! ಇನ್ನು ವಾಪಸ್ ಹೋಗೋ ದಾರೀನೇ ಇಲ್ಲ!"

ಆಮೇಲೆ ಕಾಲುವೆ ಪಕ್ಕದ ಮಣ್ಣು ರಸ್ತೆಯಲ್ಲಿ ಗಾಡಿ ಓಡಿಸಿದ್ದು. ಕಿಟಕಿ ಇಳಿಸಿ, ಧೂಳೆಬ್ಬಿಸಿ, ಇಬ್ಬರೂ ಕಿರುಚಿಕೊಂಡು. ರಾಯ್ಸ್‌ನ ಬದುಕಿನಲ್ಲಿ ಅಷ್ಟು ಸುಖದ ಇನ್ನೊಂದು ಸಂಜೆ ಬರಲಿಲ್ಲ. ಆಮೇಲೆ ಊರಿನ ಅರ್ಧ ಗಾಡಿಗಳು ಆ ಗ್ಯಾರೇಜಿಗೆ ಬಂದವು. ಬಾಗಿಲು ಸದಾ ತೆರೆದೇ ಇರುತ್ತಿತ್ತು. ಹೋಬರ್ಟ್ ಕುರ್ಚಿ ತಂದು ಬಾಗಿಲಲ್ಲೇ ಕೂತು, ಕಿತ್ತು ಬಿದ್ದ ಪ್ರತಿ ವಾಲ್ವಿಗೂ ಒಂದು ಜೋಕು ಹೇಳುತ್ತಿದ್ದ.

* * *

ಸ್ಮಶಾನದಲ್ಲಿ ಪಾದ್ರಿ ಬ್ರದರ್ ಟಾಲಿವರ್ ಬೈಬಲ್ ಮುಚ್ಚಿ, ಕೆಮ್ಮಿ, ಹೇಳಿದರು: "ಮನುಷ್ಯನ ಕೊನೇ ಗಳಿಗೇಲಿ ಅವನ ಮನಸ್ಸಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗಲ್ಲ. ಅದು ದೇವರಿಗೊಬ್ಬನಿಗೇ ಗೊತ್ತು. ನಾವು ತೀರ್ಪು ಕೊಡೋದು ಬೇಡ."

ತೀರ್ಪು ಕೊಡುವುದು ಬೇಡ ಎಂದು ಯಾರಾದರೂ ಹೇಳಿದರೆ ತೀರ್ಪು ಆಗಿಹೋಗಿದೆ ಎಂದೇ ಅರ್ಥ. ನೆರೆದವರೆಲ್ಲ ಹುಲ್ಲು ನೋಡಿದರು. ಹೆಂಗಸೊಬ್ಬಳು ಓಪಲ್‌ಳ ಬೆನ್ನು ಸವರಲು ಕೈ ಚಾಚಿ, ಯಾಕೋ ಹಿಂದಕ್ಕೆ ತೆಗೆದುಕೊಂಡಳು. ಓಪಲ್ ಕಲ್ಲಿನಂತೆ ನಿಂತಿದ್ದಳು. ಗಂಡ ಸತ್ತಾಗಿನಿಂದ ಅವಳು ಒಂದು ಹನಿ ಅತ್ತಿರಲಿಲ್ಲ. ಪೆಟ್ಟಿಗೆ ಇಳಿಸುವಾಗಲೂ ಅದರ ಕಡೆ ನೋಡದೆ ಮಂಜಿನ ಆಚೆ ಯಾರೋ ಬರುವವರಿದ್ದಾರೆ ಎಂಬಂತೆ ನೋಡುತ್ತಿದ್ದಳು.

ಮಣ್ಣು ಹಾಕಿ ಆದ ಮೇಲೆ ಅವಳೇ ಚೂಯ್‌ನನ್ನು ಕರೆದಳು. ಚೂಯ್ ಊರಾಚೆ ಗುಜರಿ ಅಂಗಳ ಇಟ್ಟುಕೊಂಡವನು, ಲೀಲಂಡ್‌ನ ಹಳೆಯ ಸ್ನೇಹಿತ. ಸೂಟು ಹಾಕಿಕೊಂಡೇ ತನ್ನ ಗಾಡಿ ಎಳೆಯುವ ಲಾರಿಯಲ್ಲಿ ಬಂದಿದ್ದ. ಅವನಿಗೆ ಬೇರೆ ವಾಹನ ಇರಲಿಲ್ಲ.

"ಊಟ ಆದ್ಮೇಲೆ ಬಂದು ಆ ಪಿಕಪ್ ಎಳ್ಕೊಂಡ್ ಹೋಗು."

"ಓಪಲ್, ಇವತ್ತೇ ಬೇಕಾ?"

"ಇವತ್ತೇ. ನಿನ್ ಮೆಷಿನ್ನಿಗೆ ಹಾಕಿ ಚಪ್ಪಟೆ ಮಾಡು. ನನ್ನನ್ನ ಬಿಟ್ಟು ಹೋಗೋಕೆ ಅದನ್ನ ಇಟ್ಕೊಂಡಿದ್ನಲ್ಲ ಅವನು, ಅದು ಇನ್ನೊಂದು ರಾತ್ರಿ ನನ್ ಸೂರಿನ ಕೆಳಗಿರಬಾರ್ದು."

ಚೂಯ್ ಏನೋ ಹೇಳಲು ಬಾಯಿ ತೆರೆದ. ರಾಯ್ಸ್ ಕಡೆ ನೋಡಿದ. ಬಾಯಿ ಮುಚ್ಚಿಕೊಂಡು ಟೋಪಿ ಹಾಕಿಕೊಂಡ.

"ಅಮ್ಮಾ," ರಾಯ್ಸ್ ಹತ್ತಿರ ಹೋದ.

"ನೀನು ಸುಮ್ನಿರು. ನಿನ್ನ ಗಾಡೀನಾ ಅದು? ನೀನು ಅದನ್ನ ಫೇಲ್ ಮಾಡ್ದೋನು."

* * *

ಫೇಲ್ ಮಾಡಿದ್ದು ನಿಜ.

ಎಲ್ಲ ಗಾಡಿಗಳಿಗೂ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಆಗಲೇಬೇಕು ಎಂಬ ಕಾನೂನು ಬಂದಾಗ ಹಳೆಯ ಮೆಕ್ಯಾನಿಕ್‌ಗಳೆಲ್ಲ ಬೈದರು. ರಾಯ್ಸ್ ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಂಡ. ಪಕ್ಕದ ಪಟ್ಟಣದ ತಪಾಸಣೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ. "ನಾನು ಕಿತ್ತಿದ್ದನ್ನ ಹುಡುಕೋ ಕೆಲಸ ಹಿಡ್ದಿದಾನೆ ನನ್ ಮಗ," ಎಂದು ಅಪ್ಪ ನಗುತ್ತಲೇ ಹೇಳಿಕೊಂಡು ತಿರುಗುತ್ತಿದ್ದ. ಆಗಿನ್ನೂ ನಗು ಇತ್ತು.

ಒಂದು ಶನಿವಾರ ಹಸಿರು ಪಿಕಪ್ ಬಂದು ಸಾಲು ತಪ್ಪಿಸಿ ನೇರ ಒಳಗೆ ನಿಂತಿತು. ಬಾನೆಟ್ ಎತ್ತಿದರೆ ಪೈಪುಗಳೆಲ್ಲ ಇದ್ದವು. ನೋಡಿದವರಿಗೆ ಎಲ್ಲ ಸರಿಯೇ. ರಾಯ್ಸ್‌ಗೆ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಒಂದು ಪೈಪಿನ ತುದಿ ಹಿಡಿದು ಎಳೆದ. ಅದು ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಸಿಮೆಂಟ್ ನೆಲದ ಮೇಲೆ ಗಾಲ್ಫ್ ಗೂಟವೊಂದು ಟಿಕ್ ಎಂದು ಬಿದ್ದು ಉರುಳಿತು.

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಯಜಮಾನನೂ ನೋಡುತ್ತಿದ್ದ.

"ಎತ್ಕೋ," ಅಪ್ಪ ಮೆಲ್ಲಗೆ ಹೇಳಿದ. "ಎತ್ಕೊಂಡು ಜೇಬಿಗೆ ಹಾಕ್ಕೊಂಡು ಸೈನ್ ಹಾಕು. ಅಪ್ಪ ಮಗನ ಮಧ್ಯೆ ಏನಿದು?"

"ನನ್ ಲೈಸೆನ್ಸ್ ಹೋಗತ್ತೆ ಅಪ್ಪಾ."

"ಅದನ್ನ ಹೊಡಿಯೋಕೆ ಕಲಿಸಿದ್ದು ನಾನು ಕಣೋ ನಿನಗೆ!"

"ಅದಕ್ಕೇ ಸಿಕ್ತು."

ಹಾಗೆ ಹೇಳಬಾರದಿತ್ತು. ಸಾಲಿನಲ್ಲಿ ಯಾರೋ ಕಿಸಕ್ ಎಂದರು. ಲೀಲಂಡ್ ಗಾಡಿ ಹತ್ತಿ ಹಿಂದಕ್ಕೆ ತೆಗೆದುಕೊಂಡು ಹೋದ. ಮತ್ತೆ ಆ ಗಾಡಿಗೆ ರಸ್ತೆಗಿಳಿಯಲು ಬೇಕಾದ ನಂಬರ್ ಪ್ಲೇಟಿನ ಚೀಟಿ ಸಿಗಲಿಲ್ಲ. ಪೊಲೀಸರು ಬಾರದ ಕಾಲುವೆ ರಸ್ತೆಗಳಲ್ಲಿ, ತೋಟಗಳ ನಡುವೆ ಮಾತ್ರ ಅದು ಓಡಿತು. ಅಪ್ಪ ಮಗನ ನಡುವೆ ಮಾತೂ ಅಲ್ಲಿಗೇ ನಿಂತಿತು. ಕ್ರಿಸ್‌ಮಸ್ಸಿಗೆ ರಾಯ್ಸ್ ಬಂದರೆ ಅಪ್ಪ ಗ್ಯಾರೇಜಿನಲ್ಲೇ ಊಟ ಮಾಡುತ್ತಿದ್ದ.

ಈಗ, ಹೋದ ವಾರ, ತಪಾಸಣೆ ಕೇಂದ್ರಕ್ಕೆ ಆ ಫೋನು ಬಂತು. ಒಳಗೆ ಗಾಡಿ ಓಡುತ್ತಿತ್ತು, ಗಿರಾಕಿ ಬೈಯುತ್ತಿದ್ದ.

"ಕಾರ್ಬುರೇಟರ್ ಹಿಂದೆ ಹಿತ್ತಾಳೆ ವಾಲ್ವ್ ಇದ್ಯಲ್ಲ," ಅತ್ತ ಕಡೆಯ ದನಿ ಹಲೋ ಕೂಡ ಎನ್ನಲಿಲ್ಲ, "ಅದಕ್ಕೆ ಎರಡು ಮೂತಿ. ನೀಲಿ ಗೆರೆ ಪೈಪು ಯಾವುದಕ್ಕೆ ಹೋಗತ್ತೆ? ಮೇಲಿಂದಕ್ಕಾ, ಕೆಳಗಿಂದಕ್ಕಾ?"

ಅಪ್ಪನ ದನಿ. ಎಂಟು ವರ್ಷ ಆದ ಮೇಲೆ, ಹೀಗೆ. ಕುಡಿದು ಕೆಣಕುತ್ತಿದ್ದಾನೆ, ಹೋಬರ್ಟ್ ಪಕ್ಕದಲ್ಲಿ ಕೂತು ನಗುತ್ತಿದ್ದಾನೆ ಎಂದೇ ಅನಿಸಿತು.

"ಬಾನೆಟ್ ಒಳಗಿನ ಕಾಗದ ನೋಡ್ಕೋ."

"ಅದನ್ನ ನೀನೇ ಕಿತ್ತು ಬಿಸಾಕಿದ್ದೆ," ದನಿ ಹೇಳಿತು. ಒಂದು ಕ್ಷಣ ಬಿಟ್ಟು, "ರಾಯ್ಸ್?" ಎಂದಿತು.

ರಾಯ್ಸ್ ಫೋನ್ ಇಟ್ಟ.

* * *

ಚರ್ಚಿನ ಹಿಂದಿನ ಹಾಲಿನಲ್ಲಿ ಉದ್ದ ಮೇಜುಗಳ ಮೇಲೆ ಊಟ ಹರಡಿತ್ತು. ಹಂದಿಯ ತೊಡೆ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಅಲ್ಲಾಡುವ ಹಸಿರು ಜೆಲ್ಲಿ, ಚೂಯ್‌ನ ಹೆಂಡತಿ ತಂದ ಜೋಳದ ಹಿಟ್ಟಿನ ಬಿಸಿ ತಮಾಲೆ. ಸಾವಿನ ಮನೆಯ ಊಟಕ್ಕೆ ಒಂದು ರುಚಿ ಜಾಸ್ತಿ ಎನ್ನುವ ಹಾಗೆ ಎಲ್ಲರೂ ತಿನ್ನುತ್ತಿದ್ದರು. ಹೋಬರ್ಟ್ ಎರಡನೇ ತಟ್ಟೆ ತುಂಬಿಸಿಕೊಂಡು ಹಳೆಯ ಕತೆ ಶುರುಮಾಡಿದ್ದ. "ಒಂದ್ಸಲ ಲೀಲಂಡ್ ಏನ್ಮಾಡಿದ ಗೊತ್ತಾ, ಶೆರಿಫ್ ಗಾಡಿ ಪೈಪ್ನೇ ಕಿತ್ತು..."

ಶವಾಗಾರದ ಹುಡುಗಿ ಬಂದು ರಾಯ್ಸ್ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. "ನಿಮ್ಮ ತಂದೆ ಮೈಮೇಲೆ ಇದ್ದಿದ್ದು. ನಿಮ್ಮಮ್ಮ ಬೇಡ ಅಂದ್ರು. ಅವರು ಗಾಲ್ಫ್ ಆಡ್ತಿದ್ರಾ?"

"ಇಲ್ಲ. ಯಾಕೆ?"

"ಅಲ್ಲ... ಅಂಗಿ ಜೇಬಲ್ಲಿ ಇವಿದ್ವು."

ಚೀಲದಲ್ಲಿ ಗಡಿಯಾರ, ಕಿರುಚಾಕು, ಒಂದು ಹಿಡಿ ಗಾಲ್ಫ್ ಗೂಟ. ರಾಯ್ಸ್ ಗೂಟಗಳನ್ನು ಅಂಗೈಗೆ ಸುರಿದುಕೊಂಡ. ಬಣ್ಣ ಹೋಗಿ, ಗ್ರೀಸ್ ಕುಡಿದು ಕಪ್ಪಾಗಿದ್ದವು. ಒಂದೊಂದರ ಕತ್ತಿನ ಸುತ್ತಲೂ ರಬ್ಬರ್ ಕಚ್ಚಿದ ಉಂಗುರದ ಗುರುತು. ತಲೆಯ ಹತ್ತಿರ ಹಲ್ಲಿನ ಗುರುತು.

ಹೊಸ ಗೂಟಗಳಲ್ಲ. ವರ್ಷಗಟ್ಟಲೆ ಪೈಪಿನೊಳಗೆ ಕೂತಿದ್ದು ಹೊರಗೆ ಬಂದ ಗೂಟಗಳು.

ಅವನು ಅಮ್ಮನ ಮುಂದೆ ಹೋಗಿ ಕೈ ತೆರೆದು ತೋರಿಸಿದ. ಓಪಲ್ ನೋಡಿದಳು. ಮುಟ್ಟಲಿಲ್ಲ.

"ಕ್ಲಬ್ಬಿಂದು," ಎಂದಳು. "ನಾನೇ ತಂದುಕೊಟ್ಟಿದ್ದು. ಆ ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತು... ಎಲ್ಲಿತ್ತಿದು?"

"ಅಪ್ಪನ ಜೇಬಲ್ಲಿ. ಅಮ್ಮಾ, ಇವನ್ನ ಹೊಡಿಯೋವಾಗ ಬಾಯಲ್ಲಿ ಇಟ್ಕೊಳ್ತಾನೆ. ಜೇಬಿಗೆ ಬಂದಿದೆ ಅಂದ್ರೆ ಕಿತ್ತಿದಾನೆ. ಪೈಪಿಂದ ಗೂಟ ಯಾರಮ್ಮಾ ಕೀಳ್ತಾರೆ? ಯಾತಕ್ಕೆ ಕೀಳ್ತಾರೆ?"

ಅವಳಿಗೆ ಅರ್ಥವಾಗಲಿಲ್ಲ. ಆದರೆ ಎದುರಿಗೆ ಕೂತಿದ್ದ ಚೂಯ್ ತಟ್ಟೆಯ ಮೇಲೆ ಫೋರ್ಕ್ ಇಟ್ಟುಬಿಟ್ಟ.

"ಹೊರಗೆ ಬಾ ಮಿಹೋ," ಎಂದ. ರಾಯ್ಸ್ ಚಿಕ್ಕವನಿದ್ದಾಗಿನಿಂದ ಅವನು ಕರೆಯುವುದೇ ಹಾಗೆ, ಮಗನೇ ಎಂದು.

"ಇಲ್ಲೇ ಹೇಳು," ಓಪಲ್ ಎಂದಳು.

ಚೂಯ್ ಹೋಬರ್ಟ್ ಕೂತ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದ. "ಪ್ರಮಾಣ ಮಾಡಿಸ್ಕೊಂಡಿದ್ದ ನನ್ನ ಹತ್ರ. ಯಾರಿಗೂ ಹೇಳಬೇಡ ಅಂತ. ಪಂಪು, ವಾಲ್ವು, ಕೆಳಗಿನ ಉಕ್ಕಿನ ಡಬ್ಬ, ಎಲ್ಲಾ ನನ್ನ ಗುಜರೀಲೇ ಹುಡುಕ್ಕೊಂಡು ಹೋದ. ಒಂದೊಂದೇ. ಗೋಣಿ ಮುಚ್ಕೊಂಡು, ಕಳ್ಳನ ಥರ. ನಾನು ನಕ್ಕೆ. ಏನೋ ಲೀಲಂಡ್, ಜನ್ಮ ಎಲ್ಲಾ ಕಿತ್ತೋನು ಈಗ ಹಾಕ್ತಿದೀಯಾ ಅಂದೆ. ಮುದುಕ ಕೆಂಪಗಾದ. 'ಹೋಬರ್ಟ್‌ಗೆ ಗೊತ್ತಾದ್ರೆ ನಾನು ಗುಂಡಿಗೆ ಹೋಗೋವರೆಗೂ ನಗ್ತಾನೆ' ಅಂದ."

"ಯಾಕೆ ಹಾಕ್ತಿದ್ದ?" ಓಪಲ್ ಕೇಳಿದಳು.

"ಕ್ರಿಸ್‌ಮಸ್ ಒಳಗೆ ರಾಯ್ಸ್ ಹತ್ರ ಪಾಸ್ ಮಾಡಿಸ್ತೀನಿ ಅಂದ. 'ಬರಿಗೈಲಿ ಹೋಗಿ ಅವನ ಮುಂದೆ ಏನು ಹೇಳ್ಲೋ? ನನಗೆ ಮಾತು ಬರಲ್ಲ. ಗಾಡಿ ತಗೊಂಡು ಹೋಗ್ತೀನಿ. ಈ ಸಲ ಲೈನಲ್ಲೇ ನಿಲ್ತೀನಿ' ಅಂದ."

ಹಾಲಿನ ಆ ತುದಿಯಲ್ಲಿ ಹೋಬರ್ಟ್‌ನ ಕತೆ ಮುಗಿದು ದೊಡ್ಡ ನಗೆ ಎದ್ದಿತು.

"ಮೊದಲೇ ಯಾಕೆ ಹೇಳ್ಲಿಲ್ಲ ನೀನು?" ರಾಯ್ಸ್ ಕೇಳಿದ. "ಊರೆಲ್ಲ ಏನು ಮಾತಾಡ್ತಿದೆ ಅಂತ ಕೇಳ್ತಾ ಇದ್ದಿಯಲ್ಲ!"

"ಹೆದರಿಕೆ ಆಯ್ತು ಮಿಹೋ. ಹಾಕಿ ಮುಗಿಸಿದ್ದನೋ, ಆಗದೆ ಬೇಜಾರಾಗಿ ಹಂಗೆ ಮಾಡ್ಕೊಂಡನೋ, ನನಗೇನು ಗೊತ್ತು? ಡಬ್ಬ ಕೊಟ್ಟಿದ್ದು ನಾನು."

ಓಪಲ್ ಎದ್ದು ಕೋಟು ಹಾಕಿಕೊಂಡಳು.

* * *

ಗ್ಯಾರೇಜಿನ ಬಾಗಿಲನ್ನು ರಾಯ್ಸ್ ಪೂರ್ತಿ ಮೇಲಕ್ಕೆತ್ತಿದ. ಅದು ಕಿರ್ರೆಂದು ಗೋಳಿಟ್ಟಿತು. ಅಭ್ಯಾಸವಿಲ್ಲದ ಬಾಗಿಲು. ಪಿಕಪ್ ಮೂತಿ ಗೋಡೆಗೆ ಮಾಡಿ ನಿಂತಿತ್ತು. ಬಾನೆಟ್ ಎತ್ತಿದ್ದು ಎತ್ತಿದ ಹಾಗೇ. ಪೊಲೀಸರು ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದ್ದರು, ಅಷ್ಟೆ. ಯಾರೂ ಒಳಗೆ ಬಗ್ಗಿ ನೋಡಿರಲಿಲ್ಲ. ನೋಡಿದ್ದರೂ ಅವರಿಗೆ ಪೈಪುಗಳು ಪೈಪುಗಳಾಗಿಯೇ ಕಾಣುತ್ತಿದ್ದವು.

ರಾಯ್ಸ್ ಸೂಟಿನ ಕೋಟು ಕಳಚಿ ಬಗ್ಗಿದ.

ಪಂಪು ಕೂತಿತ್ತು, ಹೊಸ ಬೆಲ್ಟಿನೊಂದಿಗೆ. ಹೊಗೆ ಕುಡಿಸುವ ವಾಲ್ವು ಮರಳಿ ತನ್ನ ಜಾಗಕ್ಕೆ ಬಂದಿತ್ತು. ಪೈಪುಗಳು ಹೊಸವು. ಒಂದೊಂದನ್ನೇ ಬೆರಳಿಂದ ಹಿಡಿದು ಅದರ ಜಾಡು ಹಿಡಿದು ಹೋದ, ಕೆಲಸದಲ್ಲಿ ದಿನವೂ ಮಾಡುವ ಹಾಗೆ. ಇದು ಇಲ್ಲಿಂದ ಹೊರಟು ಅಲ್ಲಿಗೆ ಹೋಯಿತು. ಅದು ಅಲ್ಲಿಂದ ಹೊರಟು ಸುತ್ತಿ ಇಲ್ಲಿಗೆ ಬಂತು. ಯಾವುದೂ ಸುಳ್ಳಲ್ಲ. ನಕ್ಷೆ ಇಲ್ಲದೆ, ಯಾರನ್ನೂ ಕೇಳದೆ, ಬರೀ ಊಹೆಯ ಮೇಲೆ ಮುದುಕ ಎಲ್ಲವನ್ನೂ ಸರಿ ಮಾಡಿದ್ದ.

ಒಂದನ್ನು ಬಿಟ್ಟು.

ಕಾರ್ಬುರೇಟರ್ ಹಿಂದೆ, ಹಿತ್ತಾಳೆ ವಾಲ್ವಿನ ಪಕ್ಕ, ನೀಲಿ ಗೆರೆಯ ಹಳೆಯ ಪೈಪೊಂದು ತೂಗಾಡುತ್ತಿತ್ತು. ಅದರ ಬಾಯಲ್ಲಿ ಇನ್ನೂ ಗೂಟವಿತ್ತು.

"ಏನು?" ಓಪಲ್ ಹಿಂದಿನಿಂದ ಕೇಳಿದಳು. "ಏನಾಯ್ತು? ಬಾಯಿ ಬಿಟ್ಟು ಹೇಳು."

"ಅಪ್ಪ ಸಾಯೋಕೆ ಅಂತ ಗಾಡಿ ಓಡಿಸ್ಲಿಲ್ಲಮ್ಮ." ಮಾತು ಬಿಡಿಬಿಡಿಯಾಗಿ ಬಂತು. "ಈ ವಾಲ್ವು ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೇ ಬಾಯಿ ಬಿಡೋದು. ಎರಡು ಮೂತಿ ಇದೆ, ನೋಡು. ಯಾವುದು ಗಾಳಿ ಎಳೆಯತ್ತೆ ಅಂತ ತಿಳೀಬೇಕಾದ್ರೆ ಇಂಜಿನ್ ಓಡಿಸ್ಕೊಂಡು, ಮೂತಿ ಮೇಲೆ ಬೆರಳಿಟ್ಕೊಂಡು ಕಾಯ್ಬೇಕು. ಚಳೀಲಿ ಬೇಗ ಬಿಸಿ ಆಗಲ್ಲ. ಅಲ್ಲೇ ಬಗ್ಗಿ ಕಾಯ್ತಾ ಇದ್ದ."

"ಬಾಗ್ಲು ಮುಚ್ಚಿ?"

ಚೂಯ್ ನೆಲದ ಮೇಲೆ ಮಲಗಿ ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ. "ಡಬ್ಬದ ಜಾಯಿಂಟ್ ಸೋರಿದೆ," ಅವನ ದನಿ ಕೆಳಗಿನಿಂದ ಬಂತು. "ಮಸಿ ಹಿಡ್ದಿದೆ ಸುತ್ತ. ಹೊಗೆ ಎಲ್ಲಾ ಇಲ್ಲೇ ತುಂಬ್ಕೊಂಡಿದೆ." ಈಚೆ ಬಂದು, ಸೂಟಿಗೆ ಮೆತ್ತಿದ ಮಣ್ಣು ಒರೆಸಿಕೊಳ್ಳದೆ ಅಲ್ಲೇ ಕೂತ. "ಹೋಬರ್ಟ್ ನೋಡಬಾರ್ದು ಅಂತ ಮುಚ್ಚಿದ ಓಪಲ್. ಬೇರೆ ಏನೂ ಇಲ್ಲ. ನಾಚಿಕೆಗೆ ಮುಚ್ಚಿದ."

ಓಪಲ್ ಗಾಡಿಯ ಅಂಚಿಗೆ ಕೈ ಊರಿದಳು. ಅಷ್ಟು ದಿನ ನೆಟ್ಟಗೆ ನಿಂತಿದ್ದ ಅವಳ ಬೆನ್ನು ಈಗ ಮೊದಲ ಬಾರಿ ಬಾಗಿತು. ಎರಡು ಸಲ ಉಸಿರೆಳೆದುಕೊಂಡಳು, ಬಾಯಿ ತೆರೆದು, ನೀರಿನಿಂದ ಮೇಲೆ ಬಂದವಳ ಹಾಗೆ.

"ಹುಚ್ಚು ಮುಂಡೇಗಂಡ," ಎಂದಳು. "ಅಷ್ಟೂ ಗೊತ್ತಾಗದೆ ಇದ್ರೆ ಯಾರನ್ನಾದ್ರೂ ಕೇಳೋದಲ್ವಾ? ಗೊತ್ತಿರೋರು ಯಾರೂ ಇರ್ಲಿಲ್ವಾ ಪ್ರಪಂಚದಲ್ಲಿ?"

ಮಂಜು ಬಾಗಿಲೊಳಗೆ ಕಾಲಿಟ್ಟಿತ್ತು. ರಾಯ್ಸ್ ಎರಡೂ ಕೈಗಳನ್ನು ಇಂಜಿನ್ ಮೇಲೆ ಇಟ್ಟುಕೊಂಡು ನಿಂತಿದ್ದ. ಹೇಳದೆ ಇರಬಹುದಿತ್ತು. ಅವನನ್ನು ಬಿಟ್ಟರೆ ಆ ಫೋನಿನ ವಿಷಯ ಮಣ್ಣಿನಲ್ಲಿ ಮಲಗಿದವನಿಗೆ ಮಾತ್ರ ಗೊತ್ತು.

"ಕೇಳಿದ," ಎಂದ.

"ಯಾರನ್ನ?"

"ನನ್ನ. ಹಿಂದಿನ ದಿನ ಫೋನ್ ಮಾಡಿದ್ದ. ಇದನ್ನೇ ಕೇಳಿದ. ಮೇಲಿನ ಮೂತಿಗಾ, ಕೆಳಗಿಂದಕ್ಕಾ ಅಂತ." ಅವನು ಅಮ್ಮನ ಕಡೆ ತಿರುಗಲಿಲ್ಲ. "ತಮಾಷೆ ಮಾಡ್ತಿದಾನೆ ಅನ್ಕೊಂಡೆ. ಫೋನ್ ಇಟ್ಬಿಟ್ಟೆ."

ಚೂಯ್ ತಲೆ ತಗ್ಗಿಸಿದ. ಓಪಲ್ ಮಗನ ಬೆನ್ನನ್ನೇ ನೋಡುತ್ತಿದ್ದಳು. ಬಿಳಿ ಅಂಗಿಯೊಳಗೆ ಆ ಬೆನ್ನು ಅದುರುತ್ತಿತ್ತು, ತೂತುಬಿದ್ದ ಇಂಜಿನ್ನಿನ ಹಾಗೆ. ಪರವಾಗಿಲ್ಲ ಬಿಡು ಎಂದು ಅವಳು ಹೇಳಲಿಲ್ಲ. ಪರವಾಗಿತ್ತು. ನಿನ್ನ ತಪ್ಪಲ್ಲ ಎಂದೂ ಹೇಳಲಿಲ್ಲ.

"ಏನ್ ನಡೀತಿದೆ ಇಲ್ಲಿ?"

ಹೋಬರ್ಟ್. ಊಟ ಮುಗಿಸಿ ಮನೆಗೆ ಬಂದವನು, ತೆರೆದ ಬಾಗಿಲು ಕಂಡು, ಹಲ್ಲುಕಡ್ಡಿ ಕಚ್ಚಿಕೊಂಡು ರಸ್ತೆ ದಾಟಿ ಬಂದಿದ್ದ. ರಾಯ್ಸ್ ಗಕ್ಕನೆ ತಿರುಗಿ ಬಾನೆಟ್ ಎಳೆಯಲು ಕೈ ಹಾಕಿದ. ಅಪ್ಪನ ಮಾನ ಮುಚ್ಚುವ ಹಾಗೆ.

"ಬಿಡು," ಓಪಲ್ ಅವನ ಕೈ ತಡೆದಳು. "ಬಾ ಹೋಬರ್ಟ್. ಹತ್ರ ಬಾ. ನೋಡು ನಿನ್ನ ಲೀಲಂಡ್ ಏನ್ಮಾಡ್ತಿದ್ದ ಅಂತ. ಪೈಪೆಲ್ಲ ವಾಪಸ್ ಹಾಕ್ತಿದ್ದ. ಮಗನ ಹತ್ರ ಪಾಸ್ ಮಾಡಿಸೋಕೆ. ನೀನು ನಗ್ತೀಯ ಅಂತ ಬಾಗ್ಲು ಮುಚ್ಕೊಂಡಿದ್ದ."

ಹೋಬರ್ಟ್ ತನ್ನ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿದ್ದ. ಬಗ್ಗಿ ನೋಡಿದ. ಪಂಪು ನೋಡಿದ, ಬೆಲ್ಟು ನೋಡಿದ. ಹಲ್ಲುಕಡ್ಡಿ ತುಟಿಯಿಂದ ಜಾರಿ ಎಲ್ಲೋ ಬಿತ್ತು.

"ನಗು," ಓಪಲ್ ಎಂದಳು. "ನಗೋ. ಬಾಗ್ಲು ತೆಗೆದಿದೀನಿ."

ಹೋಬರ್ಟ್‌ನ ಗಲ್ಲ ಅಲ್ಲಾಡಿತು. ಏನೂ ಹೊರಡಲಿಲ್ಲ. ಅವನು ಹಿಂದೆ ಹಿಂದಕ್ಕೇ ಹೆಜ್ಜೆ ಇಡುತ್ತ ಹೋಗಿ ರಸ್ತೆಯ ನಡುವೆ ಮಂಜಿನಲ್ಲಿ ನಿಂತ. ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ.

ಓಪಲ್ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಮಗನ ಪಕ್ಕ ಬಂದು ನಿಂತಳು.

"ಯಾವುದಕ್ಕೆ?"

"ಏನಮ್ಮ?"

"ಆ ಪೈಪು. ಮೇಲಿಂದಕ್ಕಾ, ಕೆಳಗಿಂದಕ್ಕಾ?"

"ಕೆಳಗಿಂದಕ್ಕೆ."

"ಹಂಗಾದ್ರೆ ಹಾಕು."

ರಾಯ್ಸ್ ಬಗ್ಗಿದ. ಗೂಟ ಸುಲಭಕ್ಕೆ ಬರಲಿಲ್ಲ. ಹದಿನೇಳು ವರ್ಷ ಉಬ್ಬಿ ಕಚ್ಚಿಕೊಂಡಿತ್ತು. ಪೈಪನ್ನು ಹಿಂಡಿ, ತಿರುವಿ, ಉಗುರು ಕೊಟ್ಟು ಎಳೆದ. ಪುಸ್ಸೆಂದು ಬಂತು. ಅದರ ತಲೆಯ ಮೇಲೆ ಎರಡು ಹಲ್ಲಿನ ಗುರುತು, ಆಳವಾಗಿ. ವಾಲ್ವು ಸಂದಿಯಲ್ಲಿತ್ತು, ಅಲ್ಲಿಗೆ ಎರಡೂ ಕೈ ಬೇಕಿತ್ತು. ಗೂಟ ಇಡಲು ಜಾಗವಿರಲಿಲ್ಲ. ಅವನು ಅದನ್ನು ತುಟಿಯಲ್ಲಿ ಕಚ್ಚಿಕೊಂಡ. ಅವನ ಹಲ್ಲು ಆ ಗುರುತಿನಲ್ಲೇ ಕೂತಿತು.

ಪೈಪು ಕೆಳಗಿನ ಮೂತಿಗೆ ಏರಿ ಬಿಗಿಯಾಯಿತು.

ಹಿಂದೆ ಚೂಯ್ ಎದ್ದು ನಿಂತ ಸದ್ದಾಯಿತು. ಲಾರಿಯ ಸರಪಳಿ ಗಲಗಲ ಅಂದಿತು. "ಗುಜರಿಗೆ ಒಯ್ಯಲ್ಲ ತಾನೇ?" ಎಂದು ಕೇಳಿದ. ಓಪಲ್ ಇಲ್ಲವೆಂದು ತಲೆಯಾಡಿಸಿದಳು. "ಸರಿ. ಜಾಯಿಂಟ್ ನಾನು ಇವತ್ತೇ ಬೆಸೀತೀನಿ, ಹೊರಗಡೆ ಎಳ್ಕೊಂಡು. ನಿನ್ ಹತ್ರ ಯಾವಾಗ ತರ್ಲಿ ಮಿಹೋ?"

"ನಾಳೆ ಎಂಟಕ್ಕೆ," ರಾಯ್ಸ್ ಎಂದ. ಗೂಟ ಕಚ್ಚಿಕೊಂಡಿದ್ದುದರಿಂದ ಮಾತು ತೊದಲಿತು. ಓಪಲ್ ಥಟ್ಟನೆ ತಲೆಯೆತ್ತಿ ಅವನ ಬಾಯಿಯನ್ನೇ ನೋಡಿದಳು.

"ನೇರ ಒಳಗೆ ತರ್ಲಾ?"

"ಇಲ್ಲ. ಲೈನಲ್ಲೇ ನಿಲ್ಸು."